ಹನ್ನೆರಡು ಮೀಟರ್ ಖಾಲಿ ಬಂಡೆ: ಭಯ ಹುಟ್ಟಿಸುವ ದಾರಿಗೆ ಹೊಸ ಬೋಲ್ಟ್ ಸೇರಿಸಬೇಕೆ?

ಯಾದಗಿರಿ ಪಟ್ಟಣದ ಹೊರಗೆ, ಕೋಟೆಯ ಗುಡ್ಡದಿಂದ ದೂರದಲ್ಲಿ, ಸುಮಾರು 45 ಮೀಟರ್ ಎತ್ತರದ ಒಂದು ಗ್ರಾನೈಟ್ ಬಂಡೆಯಿದೆ. ಅದರ ಪಡುವಣ ಮುಖದಲ್ಲಿ ಏರುವ ದಾರಿಯೊಂದಕ್ಕೆ, ಹಗ್ಗ ಸಿಕ್ಕಿಸಲೆಂದು ಕಲ್ಲು ಕೊರೆದು ಕೂರಿಸಿದ ಮೂರೇ ಮೂರು ಬೋಲ್ಟ್‌ಗಳಿವೆ: ನೆಲದಿಂದ 8 ಮೀಟರಿಗೊಂದು, 15ಕ್ಕೊಂದು, 27ಕ್ಕೊಂದು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ 12 ಮೀಟರಿನಲ್ಲಿ ಹಗ್ಗ ಸಿಕ್ಕಿಸಲು ಒಂದು ಬಿರುಕು ಕೂಡ ಇಲ್ಲ. ಆ ನಡುವೆ ಇನ್ನೊಂದು ಬೋಲ್ಟ್ ಹಾಕಲೇಬೇಕು ಎಂಬುದು ಒಬ್ಬರ ವಾದ, ಕೂಡದು ಎಂಬುದು ಇನ್ನೊಬ್ಬರದು. ಇಬ್ಬರೂ ಆ ಬಂಡೆಯನ್ನು ಏರಿದವರು. ಒಬ್ಬರು ಏರುವಾಗ ಇನ್ನೊಬ್ಬರು ಕೆಳಗೆ ಹಗ್ಗ ಹಿಡಿದವರು.

ಪರ: ಪೊದೆಗೆ ಬಿದ್ದ ಒಂದು ಬೋಲ್ಟಿನ ಕಥೆ

ಕಳೆದ ಸಲ ಮೈಲಾಪುರದ ಮಲ್ಲಯ್ಯನ ಜಾತ್ರೆ ಮುಗಿದ ಮರುವಾರದ ಭಾನುವಾರ ಬೆಳಿಗ್ಗೆ ಆ ಬಂಡೆಯ ಬುಡದಲ್ಲಿ ಹಗ್ಗ ಹಿಡಿದು ನಿಂತವನು ನಾನು. ಏರುತ್ತಿದ್ದವನು ಇಂಜಿನಿಯರಿಂಗ್ ಓದುವ ಹುಡುಗ. ಬಾದಾಮಿಯ ಕೆಂಪು ಮರಳುಗಲ್ಲಿನ ಮೇಲೆ ಎರಡು ಚಳಿಗಾಲ ಕಳೆದು ಬಂದವನು, ಹೊಸಬನಲ್ಲ. ಎರಡನೆಯ ಬೋಲ್ಟಿಗೆ ಹಗ್ಗ ಸಿಕ್ಕಿಸಿ, ಸೊಂಟದ ಚೀಲದಲ್ಲಿ ಕೈ ಅದ್ದಿ ಬಿಳಿ ಪುಡಿ ಹಚ್ಚಿಕೊಂಡು, ಇನ್ನೂ ಹತ್ತು ಮೀಟರ್ ಮೇಲೆ ಹೋದ. ಬಂಡೆ ಒಂದಿಷ್ಟು ಕಡಿದಾಗುವುದು ಅಲ್ಲಿಯೇ. ಬಲಗಾಲಿಗೆ ಹೆಬ್ಬೆರಳಿನ ಉಗುರಿನಷ್ಟು ಅಗಲದ ಬಿಳಿ ಹರಳೊಂದಿದೆ. ಎಡಗಾಲಿಗೆ ಏನೂ ಇಲ್ಲ, ರಬ್ಬರು ಕಲ್ಲನ್ನು ಕಚ್ಚಿ ಹಿಡಿಯುತ್ತದೆ ಎಂದು ನಂಬಿ ನಿಲ್ಲಬೇಕು. ಅವನು ನಿಂತ. ಬಹಳ ಹೊತ್ತು ನಿಂತ. ಮೊದಲು ಬಲ ಮಂಡಿ ಚಳಿಜ್ವರ ಬಂದವರ ಹಾಗೆ ನಡುಗಿತು, ಆಮೇಲೆ ಎಡಗಾಲಿನ ಶೂ ಕಿರ್ರೆಂದಿತು.

ಹಗ್ಗದ ಲೆಕ್ಕ ಸರಳವಾದದ್ದು. ಕೊನೆಯ ಬೋಲ್ಟಿಗಿಂತ ಎಷ್ಟು ಮೇಲಿರುತ್ತೇವೆಯೋ ಅದರ ಎರಡರಷ್ಟು ಬೀಳುತ್ತೇವೆ, ಅದಕ್ಕೆ ಹಗ್ಗದ ಸಡಿಲವೂ ಹಿಗ್ಗೂ ಸೇರಿಕೊಳ್ಳುತ್ತವೆ. 25 ಮೀಟರಿನಲ್ಲಿದ್ದವನು 15ರ ಬೋಲ್ಟನ್ನು ದಾಟಿ 5ಕ್ಕೆ ಬಂದು ನಿಲ್ಲಬೇಕು, ಹಗ್ಗ ಹಿಗ್ಗಿದರೆ ಅದಕ್ಕಿಂತ ಕೆಳಗೆ. ಅಂಥ ಹೊತ್ತಿನಲ್ಲಿ ಸಡಿಲ ಹಗ್ಗವನ್ನು ಕೈಯಿಂದ ಎಳೆದುಕೊಳ್ಳಲು ಪುರುಸೊತ್ತಿರುವುದಿಲ್ಲವಾದ್ದರಿಂದ ನಾನು ಹಗ್ಗವನ್ನು ಬಿಗಿಹಿಡಿದು ಹಿಮ್ಮುಖವಾಗಿ ಓಡಿದೆ, ಜಾಲಿಯ ಪೊದೆಯೊಳಗೆ ಬಿದ್ದೆ. ಎದ್ದು ನೋಡಿದಾಗ ಅವನ ಕಾಲಿಗೂ ನೆಲಕ್ಕೂ ನಡುವೆ ಎರಡು ಮೀಟರ್ ಕೂಡ ಇರಲಿಲ್ಲ. ಅವನ ಎರಡೂ ಅಂಗೈಯ ಚರ್ಮ ಸುಲಿದುಹೋಗಿತ್ತು, ಎಡಪಾದದ ಕೀಲು ಮುರಿದಿತ್ತು. ಎಮ್ಮೆ ಹೊಡೆದುಕೊಂಡು ಬಂದಿದ್ದ ಮುದುಕರೊಬ್ಬರು ನಮ್ಮನ್ನು ನೋಡಿ, "ಯಾಕ್ರೋ ತಮ್ಮಾ, ಮನ್ಯಾಗ ಹೇಳಿ ಬಂದೀರೇನು?" ಎಂದು ಕೇಳಿದರು. ನಾವು ಹೇಳಿ ಬಂದಿರಲಿಲ್ಲ.

ಬಂಡೆ ಏರುವುದರಲ್ಲಿ ಭಯವೇ ಇರಬಾರದೆಂದು ನಾನು ಹೇಳುತ್ತಿಲ್ಲ. ಭಯಕ್ಕೆ ಹೆಸರಾದ ದಾರಿಗಳು ಜಗತ್ತಿನಲ್ಲಿವೆ, ಅವುಗಳ ಮೇಲೆ ನನಗೆ ಗೌರವವೂ ಇದೆ. ಅಮೆರಿಕದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಟುವಾಲಮಿ ಮೆಡೋಸ್ ಎಂಬಲ್ಲಿ ನಮ್ಮ ಗುಡ್ಡಗಳನ್ನೇ ಹೋಲುವ ನುಣುಪಾದ ಗ್ರಾನೈಟ್ ಗುಮ್ಮಟಗಳಿವೆ. ಅವುಗಳಲ್ಲೊಂದಾದ ಮೆಡ್ಲಿಕಾಟ್ ಡೋಮ್‌ನಲ್ಲಿ 1981ರಲ್ಲಿ ಜಾನ್ ಬಾಕರ್ ಮತ್ತು ಡೇವ್ ಯೆರಿಯನ್ ತೆರೆದ ‘ಬಾಕರ್-ಯೆರಿಯನ್’ ದಾರಿ ಸುಮಾರು 150 ಮೀಟರ್ ಉದ್ದವಿದ್ದು, ಅಷ್ಟೂ ಉದ್ದಕ್ಕೆ ಇರುವುದು 13 ಬೋಲ್ಟ್‌ಗಳು. ಬಾಕರ್ ಮೇಲಿನಿಂದ ಹಗ್ಗ ಇಳಿಬಿಟ್ಟುಕೊಂಡು ಆರಾಮವಾಗಿ ಕೊರೆದವರಲ್ಲ. ಕೆಳಗಿನಿಂದ ಏರುತ್ತಲೇ, ಕಲ್ಲಿನ ಗುಬುಟಿಗೆ ಉಕ್ಕಿನ ಕೊಕ್ಕೆ ಸಿಕ್ಕಿಸಿ, ಅದಕ್ಕೆ ಜೋತುಬಿದ್ದು ಕೈಯಿಂದ ತೂತು ಹೊಡೆದವರು. ಹಾಗೆ ನಿಲ್ಲಲು ಆದ ಜಾಗದಲ್ಲಿ ಮಾತ್ರ ಬೋಲ್ಟ್ ಬಂತು, ಆಗದ ಕಡೆ ಬರಲಿಲ್ಲ. ಆ ದಾರಿಯ ಭಯ ಒಬ್ಬ ಮನುಷ್ಯ ತನಗೆ ತಾನೇ ಹಾಕಿಕೊಂಡ ಷರತ್ತಿನಿಂದ ಹುಟ್ಟಿದ್ದು. ಅದಕ್ಕೆ ಇನ್ನೊಂದು ಬೋಲ್ಟ್ ಸೇರಿಸುವುದೆಂದರೆ ಆ ಷರತ್ತನ್ನೇ ಅಳಿಸಿದಂತೆ ಎಂಬ ಮಾತನ್ನು ನಾನು ಒಪ್ಪುತ್ತೇನೆ.

ನಮ್ಮ ಬಂಡೆಯ 12 ಮೀಟರ್ ಹುಟ್ಟಿದ್ದು ಹೀಗಲ್ಲ. ಆ ದಾರಿಯನ್ನು ಮೊದಲು ಏರಿದವರು ಈಗ ಬೇರೆ ಊರಿನಲ್ಲಿದ್ದಾರೆ. ಅಪಘಾತವಾದ ಮೇಲೆ ಫೋನ್ ಮಾಡಿ, ಮೂರೇ ಬೋಲ್ಟ್ ಹಾಕಿದ್ದೇಕೆ ಎಂದು ಕೇಳಿದೆ. ಅವರು ನಕ್ಕರು. ಅಂದು ಐದು ಬೋಲ್ಟ್ ತಂದಿದ್ದರಂತೆ. ಒಂದರ ತಿರುಪು ಕೆಟ್ಟು ನಟ್ಟು ಕೂರಲಿಲ್ಲ, ಇನ್ನೊಂದು ಕೈಜಾರಿ ಪೊದೆಗೆ ಬಿತ್ತು. ಉಳಿದ ಮೂರರಲ್ಲಿ ಕೆಲಸ ಮುಗಿಸಿದರು. ಹೀಗೆ ನಾವು ಇಷ್ಟು ವರ್ಷ ‘ದಾರಿಯ ಸ್ವಭಾವ’ ಎಂದು ತಲೆಬಾಗುತ್ತಾ ಬಂದದ್ದು ಜಾಲಿಯ ಪೊದೆಯೊಳಗೆ ಕಳೆದುಹೋದ ಒಂದು ಬೋಲ್ಟಿಗೆ. ಅದು ನಾನು ಅಂದು ಬಿದ್ದ ಪೊದೆಯೇ ಇರಬಹುದು.

ಮೊದಲು ಏರಿದವರ ಮಾತೇ ಕೊನೆಯ ಮಾತು ಎಂಬ ಸಂಪ್ರದಾಯಕ್ಕೂ ಬಾಗಿಲುಗಳಿವೆ. ಯೊಸೆಮಿಟಿಯಲ್ಲೇ, ಹಾಫ್ ಡೋಮ್ ಶಿಖರದ ‘ಸ್ನೇಕ್ ಡೈಕ್’ ದಾರಿಯನ್ನು 1965ರಲ್ಲಿ ಎರಿಕ್ ಬೆಕ್, ಜಿಮ್ ಬ್ರಿಡ್ವೆಲ್ ಮತ್ತು ಕ್ರಿಸ್ ಫ್ರೆಡೆರಿಕ್ಸ್ ಮೊದಲು ಏರಿದರು. ಏರುವ ಕೌಶಲದ ದೃಷ್ಟಿಯಿಂದ ಅದು ಸುಲಭವಾದರೂ ಬೋಲ್ಟ್‌ಗಳು ತೀರ ವಿರಳವಾಗಿದ್ದವು. ಮುಂದೆ ಬರುವವರಿಗೆ ಇದು ವಿನಾಕಾರಣ ಅಪಾಯವೆಂದು ಅವರೇ ಮನಗಂಡು, ಹೆಚ್ಚಿನ ಬೋಲ್ಟ್ ಹಾಕಲು ಒಪ್ಪಿಗೆ ಕೊಟ್ಟರು. ಅದರಿಂದ ಆ ದಾರಿಯ ಮಾನ ಹೋಗಲಿಲ್ಲ. ಇಂದಿಗೂ ಅಲ್ಲಿ ಎದೆ ಹೊಡೆದುಕೊಳ್ಳುವಷ್ಟು ಅಂತರಗಳಿವೆ, ಜನ ಮಾತ್ರ ಸಾಲುಗಟ್ಟಿ ಹೋಗುತ್ತಾರೆ. ನಮ್ಮ ದಾರಿಯ ಮೊದಲಿಗರೂ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಹಾಕೋದಿದ್ರ ಚಲೋ ಬೋಲ್ಟ್ ಹಾಕ್ರಿ." ಒಪ್ಪಿಗೆಗೆ ಇದಕ್ಕಿಂತ ಹೆಚ್ಚಿನದು ಬೇಕೆ?

ಇಂಥ ಖಾಲಿ ಅಂತರಕ್ಕೆ ಏರುವವರ ಭಾಷೆಯಲ್ಲಿ ರನ್‌ಔಟ್ ಎನ್ನುತ್ತಾರೆ. ನಮ್ಮ ಹುಡುಗರಿಗೆ ರನ್‌ಔಟ್ ಎಂದರೆ ಕ್ರಿಕೆಟ್ಟಿನದು. ಎರಡರಲ್ಲೂ ಎಷ್ಟೋ ಸಲ ತಪ್ಪು ಕರೆ ಕೊಟ್ಟವನೊಬ್ಬ, ಔಟಾಗುವವನು ಇನ್ನೊಬ್ಬ. ನನ್ನ ಮುಖ್ಯ ತಕರಾರು ಇರುವುದು ಇಲ್ಲಿಯೇ. ಬ್ರಿಟನ್ನಿನಲ್ಲಿ ದಾರಿಯ ದರ್ಜೆಯಲ್ಲೇ ಅಪಾಯದ ಸೂಚನೆ ಅಡಗಿರುತ್ತದೆ. ಇ9 ಎಂದು, ಎಂದರೆ ಅತಿ ಕಠಿಣವೆಂದು, ಬರೆದಿರುವ ದಾರಿಯ ಬುಡಕ್ಕೆ ಹೊಸಬ ಹೋಗುವುದಿಲ್ಲ. ಅಮೆರಿಕದವರು ದರ್ಜೆಯ ಪಕ್ಕದಲ್ಲಿ ಆರ್ ಎಂದೋ ಎಕ್ಸ್ ಎಂದೋ ಬರೆಯುತ್ತಾರೆ. ಆರ್ ಎಂದರೆ ಬಿದ್ದರೆ ದೊಡ್ಡ ಪೆಟ್ಟಾಗಬಹುದು, ಎಕ್ಸ್ ಎಂದರೆ ಸಾವೂ ಬರಬಹುದು ಎಂದರ್ಥ. ಯಾದಗಿರಿಯ ಬಂಡೆಗೆ ಇಂಥ ಪುಸ್ತಕವಿಲ್ಲ, ಫಲಕವಿಲ್ಲ. ಬಾದಾಮಿಯಿಂದ ಬಂದ ಹುಡುಗ ಕೆಳಗೆ ನಿಂತು ತಲೆ ಎತ್ತಿದರೆ ಬೋಲ್ಟಿಗೆ ಬಿಗಿದು ಹಗ್ಗ ಸಿಕ್ಕಿಸುವ, ಬಿಸಿಲಿಗೆ ಹೊಳೆಯುವ ಮೂರು ಹ್ಯಾಂಗರ್‌ಗಳು ಕಾಣುತ್ತವೆ. ಓಹೋ, ಇದು ಬೋಲ್ಟ್ ಹಾಕಿದ ದಾರಿ, ನಾನು ದಿನವೂ ಏರುವಂಥದು ಎಂದುಕೊಳ್ಳುತ್ತಾನೆ. ಬೋಲ್ಟೇ ಇಲ್ಲದ ಬೋಳು ಬಂಡೆ ಅವನಿಗೆ ಇಂಥ ಮೋಸ ಮಾಡುತ್ತಿರಲಿಲ್ಲ.

ಭಯವನ್ನು ಗೆದ್ದವರ ಉದಾಹರಣೆಯಾಗಿ ಎಲ್ಲರೂ ಅಮೆರಿಕದ ಆರೋಹಿ ಅಲೆಕ್ಸ್ ಹಾನಲ್ಡ್ ಅವರ ಹೆಸರು ಹೇಳುತ್ತಾರೆ. 2017ರ ಜೂನ್ 3ರಂದು ಅವರು ಯೊಸೆಮಿಟಿಯ ಎಲ್ ಕ್ಯಾಪಿಟನ್ ಗೋಡೆಯ ಸುಮಾರು 900 ಮೀಟರ್ ಎತ್ತರದ ‘ಫ್ರೀರೈಡರ್’ ದಾರಿಯನ್ನು ಹಗ್ಗವಿಲ್ಲದೆ 3 ಗಂಟೆ 56 ನಿಮಿಷದಲ್ಲಿ ಏರಿದ್ದು ನಿಜ. ಆದರೆ ಅದಕ್ಕೆ ಮೊದಲು ಅದೇ ದಾರಿಯನ್ನು ಹಗ್ಗ ಕಟ್ಟಿಕೊಂಡು, ಅಲ್ಲಿರುವ ಬೋಲ್ಟ್‌ಗಳಿಗೆ ಸಿಕ್ಕಿಸಿಕೊಂಡು, ಒಂದೊಂದು ಹಿಡಿಯನ್ನೂ ಕಂಠಪಾಠ ಮಾಡಿದ್ದರು. ಬೋಲ್ಟ್ ಅವರ ಧೈರ್ಯಕ್ಕೆ ಅಡ್ಡ ಬರಲಿಲ್ಲ. ಇತ್ತ ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರ ವಿಡಿಯೊ ನೋಡಿ ನಮ್ಮ ಓಣಿಯ ಮಕ್ಕಳು ನೀರಿನ ಟ್ಯಾಂಕು ಹತ್ತುತ್ತಾರೆ. ಹತ್ತುವ ಆಸೆಯನ್ನು ತಡೆಯುವುದಕ್ಕೆ ನಮ್ಮಿಂದ ಆಗುವುದಿಲ್ಲ. ಅದಕ್ಕೆ ಒಂದು ಹಗ್ಗ, ಹಗ್ಗಕ್ಕೊಂದು ಗಟ್ಟಿ ಆಧಾರ ಒದಗಿಸುವುದಕ್ಕೆ ಆಗುತ್ತದೆ.

ನಾನು ಕೇಳುತ್ತಿರುವುದು ಬಹಳವೇನಲ್ಲ. 21 ಮೀಟರಿನ ಸುತ್ತ ಒಂದು ಬೋಲ್ಟ್, 12 ಮಿಲಿಮೀಟರ್ ದಪ್ಪದ್ದು, ತುಕ್ಕು ಹಿಡಿಯದ ಉಕ್ಕಿನದು. ಯುರೋಪಿನ ಮಾನಕದ ಪ್ರಕಾರ ಇಂಥ ಬೋಲ್ಟ್ ಅಡ್ಡ ಎಳೆತಕ್ಕೆ ಕನಿಷ್ಠ 25 ಕಿಲೋನ್ಯೂಟನ್, ಎಂದರೆ ಸುಮಾರು ಎರಡೂವರೆ ಟನ್ ಭಾರ ತಡೆಯಬೇಕು. ಅದಿದ್ದಿದ್ದರೆ ಆ ಹುಡುಗ ಎಂಟೊಂಬತ್ತು ಮೀಟರ್ ಜಾರಿ, ನೆಲಕ್ಕೆ ಇನ್ನೂ ಹದಿನೈದು ಮೀಟರ್ ಇರುವಾಗಲೇ ನಿಂತು, ಮೊಣಕೈ ಕೆತ್ತಿಸಿಕೊಂಡು ಮನೆಗೆ ಹೋಗುತ್ತಿದ್ದ. ಕೋಟೆಯ ಬಂಡೆಗಳಿಗೆ, ಗುಡಿಯ ಸುತ್ತಿನ ಕಲ್ಲುಗಳಿಗೆ, ಶಹಾಪುರದ ಮಲಗಿದ ಬುದ್ಧನ ಗುಡ್ಡಕ್ಕೆ ಡ್ರಿಲ್ ಮುಟ್ಟಿಸಬಾರದೆಂಬುದರಲ್ಲಿ ನನಗೂ ನನ್ನ ಎದುರು ವಾದಿಸುವ ಅಣ್ಣನಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಈಗಾಗಲೇ ಮೂರು ತೂತಿರುವ ಬಂಡೆಯಲ್ಲಿ ನಾಲ್ಕನೆಯದು ಅಪಚಾರವೆನ್ನುವುದು ನನಗೆ ಅರ್ಥವಾಗುವುದಿಲ್ಲ. ಆ ಹುಡುಗನ ತಾಯಿ ನನ್ನನ್ನು ಕೇಳಿದ್ದು, ಅಲ್ಲಿ ಇನ್ನೊಂದು ಮೊಳೆ ಹೊಡೆಯಲು ಎಷ್ಟು ಖರ್ಚಾಗುತ್ತಿತ್ತು ಎಂದು. ಕೆಲವು ನೂರು ರೂಪಾಯಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ವಿರೋಧ: ಕಲ್ಲನ್ನು ಬಡಿದು ಕೇಳಿದವರು ಯಾರು?

ನಮ್ಮ ತಂದೆ ಕಲ್ಲಿನ ಕೆಲಸದವರು. ಯಾದಗಿರಿಯ ಸುತ್ತಮುತ್ತ ಹೊಲದ ಬದುವಿನಲ್ಲಿ ಬಿದ್ದಿರುವ ಎಷ್ಟೋ ಗುಂಡುಗಳ ಮೇಲೆ ಸಾಲಾಗಿ ಬೆಣೆಯ ತೂತುಗಳಿವೆ. ಅವುಗಳಲ್ಲಿ ಕೆಲವು ಅವರು ಹೊಡೆದವು. ತೂತು ಹೊಡೆಯುವ ಮೊದಲು ಅವರು ಕಲ್ಲನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾ, ತಲೆ ಓರೆ ಮಾಡಿ ಕೇಳುತ್ತಾ ಸುತ್ತು ಹಾಕುತ್ತಿದ್ದರು. ಗಟ್ಟಿ ಕಲ್ಲು ಠಣ್ ಎನ್ನುತ್ತದೆ. ಒಳಗೆ ಬಿಟ್ಟುಕೊಂಡ ಕಲ್ಲು ಡಬ್ ಎನ್ನುತ್ತದೆ. ಸುಮಾರು 250 ಕೋಟಿ ವರ್ಷ ಹಳೆಯದಾದ ನಮ್ಮ ಗ್ರಾನೈಟು ಬಿಸಿಲಿಗೂ ಮಳೆಗೂ ಉಳ್ಳಾಗಡ್ಡಿಯ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಡುತ್ತದೆ. ಕಣ್ಣಿಗೆ ಒಂದೇ ಬಂಡೆಯಾಗಿ ಕಾಣುವುದು ಕಿವಿಗೆ ಎರಡಾಗಿರುತ್ತದೆ.

ಅಪಘಾತದ ಮರುವಾರ ನಾನು ಬಂಡೆಯ ಹಿಂಬದಿಯಿಂದ ನೆತ್ತಿಗೆ ನಡೆದು ಹೋಗಿ, ಹಗ್ಗದ ಮೇಲೆ ಇಳಿದು, ಗೆಳೆಯರು ಬೋಲ್ಟ್ ಬೇಕೆನ್ನುವ 21 ಮೀಟರಿನ ಜಾಗವನ್ನು ಬಡಿದು ನೋಡಿದೆ. ಎರಡು ಮಾರು ಅಗಲದಷ್ಟು ಜಾಗ ಡಬ್ ಎನ್ನುತ್ತದೆ. ಅಲ್ಲಿಂದ ಮೇಲೆ ಮೊದಲ ಬಾರಿ ಠಣ್ ಎನ್ನುವುದು 24ರ ಹತ್ತಿರ. ಎರಡೂವರೆ ಟನ್ ತಡೆಯುವುದು ಬೋಲ್ಟು; ಅದನ್ನು ಹಿಡಿದುಕೊಂಡಿರುವ ಸಿಪ್ಪೆ ಎಷ್ಟು ತಡೆಯುತ್ತದೆಂದು ಯಾವ ಮಾನಕವೂ ಹೇಳುವುದಿಲ್ಲ. ಇಂಗ್ಲೆಂಡಿನ ಬರ್ಬೇಜ್‌ನಲ್ಲಿ ‘ಪಾರ್ಥಿಯನ್ ಶಾಟ್’ ಎಂಬ ಭಯಂಕರ ದಾರಿಯಿದೆ. ಜಾನ್ ಡನ್ 1989ರಲ್ಲಿ ಅದನ್ನು ಮೊದಲು ಏರಿದರು. ಮುಂದೆ ಬಂದವರೆಲ್ಲ ಬಿದ್ದರೆ ಹಿಡಿಯಲೆಂದು ಒಂದು ಪೊಳ್ಳು ಕಲ್ಲುಚಕ್ಕೆಯ ಹಿಂದೆ ತಮ್ಮ ಸಲಕರಣೆ ಸಿಕ್ಕಿಸುತ್ತಿದ್ದರು. ಹಲವು ಪತನಗಳನ್ನು ಅದು ತಡೆಯಿತು. 2011ರಲ್ಲಿ ಒಬ್ಬರು ಬಿದ್ದಾಗ ಚಕ್ಕೆಯೇ ಮುರಿದು ಬಂತು.

ಆ ಜಾಗ ಗಟ್ಟಿಯಾಗಿದ್ದರೂ ನಾನು ಬೇಡವೆನ್ನುತ್ತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಕಾರಣ ಹೇಳುತ್ತೇನೆ.

ಪೊದೆಗೆ ಬಿದ್ದ ಬೋಲ್ಟಿನ ಕಥೆಯನ್ನು ನಾನೂ ಕೇಳಿದ್ದೇನೆ, ಅದು ನಿಜವೇ. ಆದರೆ ಬೋಲ್ಟ್ ಕೈಜಾರಿದಾಗ ಆ ಮನುಷ್ಯನ ಮುಂದೆ ಎರಡು ದಾರಿಗಳಿದ್ದವು: ಇಳಿದು ಹೋಗಿ ಮುಂದಿನ ಭಾನುವಾರ ಇನ್ನೆರಡು ತರುವುದು, ಅಥವಾ ಇದ್ದದ್ದರಲ್ಲಿ ಮುಂದುವರಿಯುವುದು. ಅವರು ಮುಂದುವರಿದರು. ಕೊರತೆ ಕಾರಣವಾಗಿರಬಹುದು, ತೀರ್ಮಾನ ಅವರದೇ. ಗೆಳೆಯರು ಬಾಕರ್ ಅವರ ಷರತ್ತನ್ನು ಗೌರವಿಸುತ್ತಾರೆ, ನಮ್ಮೂರಿನವರದನ್ನು ಕೊರತೆ ಎನ್ನುತ್ತಾರೆ. ಕೊಕ್ಕೆ ನಿಲ್ಲದ ಕಡೆ ಬಾಕರ್ ಅವರಿಗೂ ಬೋಲ್ಟ್ ಹಾಕಲಾಗಲಿಲ್ಲ. ಅದನ್ನು ಕೊರತೆ ಎಂದು ಯಾರೂ ಕರೆಯಲಿಲ್ಲ, ಅಷ್ಟೇ. ‘ಸ್ನೇಕ್ ಡೈಕ್’ ಉದಾಹರಣೆಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಮೊದಲು ಏರಿದವರೇ ಒಪ್ಪಿದರೆ ನಾನು ಯಾರು ಬೇಡವೆನ್ನಲು? ಆದರೂ "ಹಾಕೋದಿದ್ರ ಚಲೋ ಬೋಲ್ಟ್ ಹಾಕ್ರಿ" ಎಂಬುದು, ಪೆಟ್ಟಾದ ಹುಡುಗನ ಸುದ್ದಿ ಕೇಳಿದವರು ಫೋನಿನಲ್ಲಿ ಇನ್ನೇನು ಹೇಳಲಾದೀತು ಎಂಬ ಮಾತಿನ ಹಾಗೆ ನನಗೆ ಕೇಳುತ್ತದೆ.

ಜಗತ್ತಿನ ಅತಿ ಭಯಾನಕ ದಾರಿಗಳನ್ನು ಏರಿದವರು ಕಣ್ಣು ಮುಚ್ಚಿ ನುಗ್ಗಿದವರಲ್ಲ ಎಂಬುದನ್ನು ಗೆಳೆಯರು ಹಾನಲ್ಡ್ ವಿಷಯದಲ್ಲಿ ಸರಿಯಾಗಿ ಹೇಳಿ, ಅದರಿಂದ ತಪ್ಪು ಪಾಠ ತೆಗೆದಿದ್ದಾರೆ. ವೇಲ್ಸ್‌ನ ಕ್ಲೊಗ್ವಿನ್ ದಿರ್ ಆರ್ಥಿ ಎಂಬ ಕಪ್ಪು ಬಂಡೆಯಲ್ಲಿ ‘ಇಂಡಿಯನ್ ಫೇಸ್’ ಇದೆ. ಜಾನಿ ಡಾಸ್ ಅದನ್ನು 1986ರ ಅಕ್ಟೋಬರ್ 4ರಂದು ಏರಿದರು. ಅಲ್ಲಿನ ಬಿರುಕುಗಳಿಗೆ ಸಿಕ್ಕಿಸಬಹುದಾದದ್ದು ಬೆರಳ ತುದಿಯಷ್ಟು ಚಿಕ್ಕ ಲೋಹದ ತುಂಡುಗಳನ್ನು ಮಾತ್ರ, ಬಿದ್ದರೆ ಅವು ಹಿಡಿಯುವ ಭರವಸೆ ಇಲ್ಲ. ಎರಡನೆಯ ಮತ್ತು ಮೂರನೆಯ ಆರೋಹಣಗಳಾದದ್ದು 1994ರಲ್ಲಿ, ನಿಕ್ ಡಿಕ್ಸನ್ ಮತ್ತು ನೀಲ್ ಗ್ರೆಶಮ್ ಅವರಿಂದ. ಎಂಟು ವರ್ಷ ಆ ದಾರಿ ಯಾರಿಗೂ ಬಗ್ಗಲಿಲ್ಲ, ಆದರೂ ಅದನ್ನು ಸುಲಭ ಮಾಡಿಕೊಡಿ ಎಂದು ಯಾರೂ ಡ್ರಿಲ್ ಹೊತ್ತು ಹೋಗಲಿಲ್ಲ. ಅದೇ ಗೋಡೆಯಲ್ಲಿ ಹಿಂದೆ ಜಾನ್ ರೆಡ್‌ಹೆಡ್ ಹಾಕಿದ್ದ ಒಂದು ಬೋಲ್ಟನ್ನು ತೆಗೆದುಹಾಕಿಯೇ ಜೆರ್ರಿ ಮೊಫಾಟ್ 1983ರಲ್ಲಿ ತಮ್ಮ ‘ಮಾಸ್ಟರ್ಸ್ ವಾಲ್’ ಏರಿದ್ದರು. ಇಂಥ ದಾರಿಗಳಲ್ಲಿ ರೂಢಿಯಿರುವ ಕ್ರಮವೆಂದರೆ, ಮೊದಲು ಮೇಲಿನಿಂದ ಇಳಿಬಿಟ್ಟ ಹಗ್ಗದ ಮೇಲೆ ಮತ್ತೆ ಮತ್ತೆ ಅಭ್ಯಾಸ ಮಾಡಿ, ಒಂದೂ ತಪ್ಪಾಗದೆಂಬ ಭರವಸೆ ಬಂದ ಮೇಲೆ ಕೆಳಗಿನಿಂದ ಹೊರಡುವುದು. ಆ ಅಭ್ಯಾಸಕ್ಕೆ ಬಂಡೆಯ ನಡುವೆ ಒಂದು ಬೋಲ್ಟೂ ಬೇಡ.

ಇಂಗ್ಲೆಂಡಿನ ಇನ್ನೊಂದು ದಾರಿ ನನಗೆ ಬಹಳ ಇಷ್ಟ, ಮನೆಯ ಕಾರಣಕ್ಕೆ. ಪೀಕ್ ಡಿಸ್ಟ್ರಿಕ್ಟ್‌ನ ಮಿಲ್‌ಸ್ಟೋನ್ ಎಂಬುದು ಹಳೆಯ ಕಲ್ಲುಗಣಿ. ಹೆಸರೇ ಹೇಳುವಂತೆ ಬೀಸುವ ಕಲ್ಲಿನ ಊರು. ರಾನ್ ಫಾಸೆಟ್ 1983ರ ಡಿಸೆಂಬರಿನಲ್ಲಿ ಅಲ್ಲಿಯ ನುಣುಪಾದ ಚೂಪು ಅಂಚೊಂದನ್ನು ಏರಿದರು; ಅದಕ್ಕೆ ‘ಮಾಸ್ಟರ್ಸ್ ಎಡ್ಜ್’ ಎಂದು ಹೆಸರು. ಆ ಅಂಚಿನಲ್ಲಿ ರಕ್ಷಣೆಗೆ ಇರುವುದು ಹಿಂದಿನ ಗಣಿಯವರು ಸಿಡಿಮದ್ದಿಗೆಂದು ಕೊರೆದು ಬಿಟ್ಟುಹೋದ ತೂತುಗಳು ಮಾತ್ರ; ಅವೂ ಅರ್ಧ ಎತ್ತರದಲ್ಲಿ. ಅಲ್ಲಿಂದ ಮೇಲೆ ಏನೂ ಇಲ್ಲ. ಕಲ್ಲೊಡೆಯುವವರು ತಮ್ಮ ಕೆಲಸಕ್ಕೆ ಹೊಡೆದ ತೂತು ಏರುವವರ ಜೀವ ಹಿಡಿಯುತ್ತದೆ, ಆದರೂ ಏರುವವರು ತಮ್ಮ ಕೆಲಸಕ್ಕೆಂದು ಹೊಸ ತೂತು ಹೊಡೆಯುವುದಿಲ್ಲ. ತಂದೆಗೆ ಇದನ್ನು ಹೇಳಿದಾಗ ಅವರಿಗೆ ನಗು ಬಂತು. ಅವರ ಪ್ರಕಾರ ಎರಡೂ ಪಂಗಡದವರಿಗೆ ತಲೆ ಸರಿಯಿಲ್ಲ.

ಒಂದೇ ಬೋಲ್ಟಲ್ಲವೇ ಎಂಬ ಮಾತಿಗೆ ಬರುತ್ತೇನೆ. ದಕ್ಷಿಣ ಅಮೆರಿಕದ ಪೆಟಗೋನಿಯಾದ ಸೆರ್ರೊ ಟೊರ್ರೆ ಶಿಖರಕ್ಕೆ 1970ರಲ್ಲಿ ಇಟಲಿಯ ಚೆಸಾರೆ ಮೆಯಿಸ್ಟ್ರಿ ಪೆಟ್ರೋಲಿನ ಕಂಪ್ರೆಸರ್ ಯಂತ್ರ ಹೊತ್ತುಕೊಂಡು ಹೋಗಿ ಸುಮಾರು 400 ಬೋಲ್ಟ್ ಹೊಡೆದರು. ಪಕ್ಕದಲ್ಲೇ ಬಳಸಬಹುದಾದ ಬಿರುಕುಗಳಿದ್ದ ಕಡೆಯೂ ಹೊಡೆದರು. ನಾಲ್ಕು ದಶಕ ಜನ ಅದನ್ನು ಏಣಿಯ ಹಾಗೆ ಬಳಸಿದರು, ಯಂತ್ರ ಅಲ್ಲಿಯೇ ನೇತಾಡುತ್ತಿತ್ತು. 2012ರ ಜನವರಿಯಲ್ಲಿ ಹೇಡನ್ ಕೆನಡಿ ಮತ್ತು ಜೇಸನ್ ಕ್ರುಕ್ ಎಂಬ ಇಬ್ಬರು ತರುಣರು ಆ ಬೋಲ್ಟ್‌ಗಳ ಹಂಗಿಲ್ಲದೆ ಏರಿ, ಇಳಿಯುವಾಗ ನೂರಕ್ಕೂ ಹೆಚ್ಚನ್ನು ಕಿತ್ತರು. ಕೆಳಗಿನ ಊರಿನಲ್ಲಿ ಪೊಲೀಸರು ಅವರನ್ನು ಹಿಡಿದು ಬೋಲ್ಟ್‌ಗಳನ್ನು ವಶಪಡಿಸಿಕೊಂಡರು. ಕಿತ್ತದ್ದು ಸರಿಯೋ ತಪ್ಪೋ ಎಂದು ಜಗಳ ಇನ್ನೂ ನಡೆಯುತ್ತಲೇ ಇರುವಾಗ, ಕೆಲವೇ ದಿನಗಳಲ್ಲಿ ಆಸ್ಟ್ರಿಯದ ಡೇವಿಡ್ ಲಾಮಾ ಅದೇ ಭಾಗವನ್ನು ತಮ್ಮ ಕೈಕಾಲುಗಳ ಬಲದ ಮೇಲೇ ಏರಿ ತೋರಿಸಿದರು. ಬೋಲ್ಟಿಲ್ಲದೆ ಆಗದು ಎಂದು ನಂಬಿದ್ದ ಕಲ್ಲು ಅದು. ನಮ್ಮ 45 ಮೀಟರಿನ ಬಂಡೆಯನ್ನು ಸೆರ್ರೊ ಟೊರ್ರೆಗೆ ಹೋಲಿಸುವುದು ನಗೆಪಾಟಲೆಂದು ನನಗೂ ಗೊತ್ತು. ಆದರೆ 24ರಲ್ಲಿ ಒಂದು ಹಾಕಿದರೆ 15ರಿಂದ 24ರ ಒಂಬತ್ತು ಮೀಟರ್ ಉಳಿಯುತ್ತದೆ, ಅಲ್ಲೂ ಯಾರೋ ಬೀಳುತ್ತಾರೆ, ಅವರಿಗೂ ತಾಯಿ ಇರುತ್ತಾಳೆ.

ನಾನು ಆ ದಾರಿಯನ್ನು ಏರಿದ್ದು ಮೂರನೆಯ ಚಳಿಗಾಲದಲ್ಲಿ. ಮೊದಲೆರಡು ಚಳಿಗಾಲವೂ 15ರ ಬೋಲ್ಟಿನವರೆಗೆ ಹೋಗಿ, ಮೇಲಿನ ಬೋಳು ಕಲ್ಲನ್ನು ನೋಡಿ, ಕೆಳಗಿಳಿಸು ಎಂದು ಕೂಗಿ ಬಂದವನು. ಆಗ ಹಗ್ಗ ಹಿಡಿದಿದ್ದವರು ಇದೇ ಗೆಳೆಯರು. ಒಂದು ಮಾತು ಆಡದೆ ಇಳಿಸಿದ್ದರು. ಅಲ್ಲಿಂದ ಇಳಿದು ಬರಲು ಕಲಿತದ್ದು ಆ ಅಂತರದಿಂದಲೇ. ಪೆಟ್ಟಾದ ಹುಡುಗನಿಗೆ ಕೌಶಲವಿತ್ತು, ಇಳಿದು ಬರುವ ಅಭ್ಯಾಸವಿರಲಿಲ್ಲ. ಎರಡು ಮೀಟರಿಗೊಂದು ಬೋಲ್ಟಿರುವ ಕಡೆ ಆ ಅಭ್ಯಾಸ ಬರುವುದಕ್ಕೆ ಅವಕಾಶವೇ ಇರುವುದಿಲ್ಲ. ಇದನ್ನು ಅವನ ಮೇಲೆ ದೂರಾಗಿ ಹೇಳುತ್ತಿಲ್ಲ. ಅವನಿಗೆ ಮುಂಚಿತವಾಗಿ ಹೇಳದಿದ್ದದ್ದು ನಮ್ಮ ತಪ್ಪು, ಮುಖ್ಯವಾಗಿ ನನ್ನದು. ಅಂದು ನಾನು ಊರಲ್ಲೇ ಇದ್ದೆ, ಬಂಡೆಗೆ ಹೋಗುತ್ತೇವೆಂದು ಫೋನ್ ಮಾಡಿದಾಗ ಹೋಗಿ ಬನ್ನಿ ಎಂದೆ.

ಹ್ಯಾಂಗರ್‌ಗಳು ಹೊಸಬರಿಗೆ ಮೋಸ ಮಾಡುತ್ತವೆ ಎಂಬ ಗೆಳೆಯರ ಮಾತು ಮಾತ್ರ ನೂರಕ್ಕೆ ನೂರು ಸರಿ. ಅದಕ್ಕೆ ಮದ್ದು ನಾಲ್ಕನೆಯ ಬೋಲ್ಟಲ್ಲ. 8 ಮೀಟರಿನ ಬೋಲ್ಟಿನಿಂದ ಹ್ಯಾಂಗರ್ ಕಳಚಿ ಇಟ್ಟುಕೊಳ್ಳೋಣ. ಏರಬೇಕೆನ್ನುವವರು ನಮ್ಮಿಬ್ಬರಲ್ಲಿ ಒಬ್ಬರನ್ನು ಕೇಳಿ, ಹ್ಯಾಂಗರೂ ಸ್ಪ್ಯಾನರೂ ಒಯ್ಯಲಿ. ಒಯ್ಯುವಾಗ ನಾವು ಹೇಳಬೇಕಾದದ್ದನ್ನು ಹೇಳೋಣ, ಮನೆಯಲ್ಲಿ ಹೇಳಿ ಬಂದಿದ್ದೀರಾ ಎಂದೂ ಕೇಳೋಣ. ಇನ್ನು 30 ಮೀಟರಿನಲ್ಲಿ, ಬಂಡೆ ಒರಗಿಕೊಂಡು ಕಾಲು ಊರಿ ನಿಲ್ಲಲು ಆಗುವ ಜಾಗವನ್ನು ನಾನು ಬಡಿದು ನೋಡಿದ್ದೇನೆ, ಗಂಟೆಯ ಹಾಗೆ ಠಣ್ ಎನ್ನುತ್ತದೆ. ಅಲ್ಲಿ ಜೋಡಿ ಬೋಲ್ಟ್ ಹಾಕಿ ಸರಪಳಿ ಕಟ್ಟಿದರೆ, ನೆತ್ತಿಯಿಂದ ಹಗ್ಗದ ಮೇಲೆ ಇಳಿದು ಬಂದು ಅದಕ್ಕೆ 60 ಮೀಟರಿನ ಹಗ್ಗ ಇಳಿಬಿಡಬಹುದು. ಹೆದರುವವರು, ಕಲಿಯುವವರು, ಓಣಿಯ ಮಕ್ಕಳು ಮೇಲಿನ ಹಗ್ಗದ ಆಸರೆಯಲ್ಲಿ ಆ ಹನ್ನೆರಡು ಮೀಟರನ್ನು ಎಷ್ಟು ಸಲ ಬೇಕಾದರೂ ಏರಿ ಇಳಿಯಲಿ. ಬಿದ್ದರೆ ಒಂದು ಗೇಣು ಜಾರುತ್ತಾರೆ.

ಆ ಎರಡು ಬೋಲ್ಟಿನ ಮತ್ತು ಸರಪಳಿಯ ದುಡ್ಡು ನಾನು ಕೊಡುತ್ತೇನೆ. ಡ್ರಿಲ್ ಯಂತ್ರ ಗೆಳೆಯರ ಬಳಿ ಇದೆ, ಬ್ಯಾಟರಿ ಮಾತ್ರ ಎರಡೇ ತೂತಿಗೆ ಸಾಲುತ್ತದೆ. ಅದಕ್ಕಿಂತ ದೊಡ್ಡ ಬ್ಯಾಟರಿ ತರುವ ಮಾತನ್ನು ಅವರು ಆಗಲೇ ಎತ್ತಿದ್ದಾರೆ.